ಪವಿತ್ರವೆಂದರೆ ಪೂರ್ಣ



ಚಾರ್ಮಾಡಿ ಘಟ್ಟವನ್ನಿಳಿದು ಕಕ್ಕಿಂಜೆಗೆ ಬಂದಿದ್ದಾಗ ಬಾಲಕನೊಬ್ಬನು ನಮ್ಮನ್ನು ಕೇಳಿದನು: "ಸ್ವಾಮಿಗಳೇ, ಇಂಗ್ಲಿಷಿನ ಹೋಲಿ ಎಂದರೆ ಮಡಿಯೆಂದೇ ಅರ್ಥವೇ?" ಅವನ ಅಜ್ಜಿ ಬಹುಕಾಲದಿಂದ ಹಾಸಿಗೆ ಹಿಡಿದಿದ್ದಳು. ಮೈಲಿಗೆಯೆಂದು ಮನೆಯವರು ಆಕೆಯನ್ನು ದೇವರ ಕೋಣೆಗೆ ಬಿಡುತ್ತಿರಲಿಲ್ಲ. ಪ್ರಶ್ನೆಯ ಹಿಂದಿನ ನೋವು ನಮಗೆ ಆಮೇಲೆ ತಿಳಿಯಿತು.

ಈ ಹೋಲಿಗೂ ಬಣ್ಣದ ಹೋಳಿಗೂ ಸಂಬಂಧವಿಲ್ಲ. ಹಳೆಯ ಇಂಗ್ಲಿಷಿನಲ್ಲಿ ಹಾಲ್ ಎಂದರೆ ಊನವಿಲ್ಲದ್ದು, ಇಡಿಯಾದದ್ದು. ಅದರಿಂದ ಹಾಲಿಗ್ ಎಂಬ ಶಬ್ದ ಹುಟ್ಟಿತು. ಅದೇ ಸವೆದು ಹೋಲಿಯಾಯಿತು. ಆರೋಗ್ಯವೆನ್ನುವ ಹೆಲ್ತ್, ವಾಸಿಯಾಗುವುದೆನ್ನುವ ಹೀಲ್, ಪೂರ್ಣವೆನ್ನುವ ಹೋಲ್ ಇವೆಲ್ಲವೂ ಒಂದೇ ತಾಯಿಯ ಮಕ್ಕಳು. 597ರಲ್ಲಿ ರೋಮಿನಿಂದ ಅಗಸ್ಟಿನ್ ಎಂಬ ಯತಿಯು ಇಂಗ್ಲೆಂಡಿನ ಕೆಂಟ್ ನಾಡಿಗೆ ಬಂದನು. ಅಲ್ಲಿಂದ ಹರಡಿದ ಕ್ರೈಸ್ತಧರ್ಮದಲ್ಲಿ, ಲ್ಯಾಟಿನ್ನಿನ ಸಾಂಕ್ಟಸ್ ಎಂಬುದಕ್ಕೆ ಈ ಹಾಲಿಗ್ ಶಬ್ದವನ್ನೇ ಬಳಸಿದರು. ಸಾಂಕ್ಟಸ್ ಎಂದರೆ ವಿಧಿಯಿಂದ ಮೀಸಲಾದದ್ದು. ಹೀಗೆ ಮೀಸಲಿನ ಅರ್ಥವು ಪೂರ್ಣತೆಯ ಶಬ್ದದೊಳಗೆ ಬಂದು ಕುಳಿತಿತು.

ನಮ್ಮ ಪವಿತ್ರ ಶಬ್ದದ ದಾರಿ ಬೇರೆ. ಪೂಞ್ ಧಾತುವಿಗೆ ಶೋಧಿಸುವುದೆಂದು ಅರ್ಥ; ಯಾವುದರಿಂದ ಶೋಧಿಸುವರೋ ಅದು ಪವಿತ್ರ. ವೇದದಲ್ಲಿ ಸೋಮರಸ ಸೋಸುವ ಸಾಧನಕ್ಕೂ ಅದೇ ಹೆಸರು. ಬೆರಳಿಗೆ ತೊಡುವ ದರ್ಭೆಯ ಉಂಗುರಕ್ಕೂ ಅದೇ ಹೆಸರು.

ಈ ಜಿಲ್ಲೆಯ ಮಂಗಳೂರಿಗೆ 1834ರಲ್ಲಿ ಬಾಸೆಲ್ ಮಿಶನ್ನಿನವರು ಬಂದರು. ಅದೇ ಮಿಶನ್ನಿನ ಕಿಟ್ಟೆಲರ ಮಹಾನಿಘಂಟು 1894ರಲ್ಲಿ ಅಲ್ಲಿಯೇ ಅಚ್ಚಾಯಿತು. ಅವರ ಜರ್ಮನ್ ನುಡಿಯಲ್ಲಿಯೂ ಪವಿತ್ರಕ್ಕೆ ಹೈಲಿಗ್, ವಾಸಿಮಾಡುವುದಕ್ಕೆ ಹೈಲೆನ್. ಆದರೆ ಕನ್ನಡ ಕ್ರೈಸ್ತರು ಪವಿತ್ರಾತ್ಮ, ಪರಿಶುದ್ಧಾತ್ಮ ಎಂದರು. ಶುದ್ಧಿಯ ಅರ್ಥ ಕನ್ನಡಕ್ಕೆ ಬಂದಿತು. ವಾಸಿಯಾಗುವ ಅರ್ಥ ಆಚೆಯ ದಡದಲ್ಲಿಯೇ ಉಳಿಯಿತು.

ಹಾಗೆಂದು ನಮ್ಮಲ್ಲಿ ಆ ಭಾವವಿಲ್ಲವೆಂದು ತಿಳಿಯಬಾರದು. ಸ್ವಸ್ಥನೆಂದರೆ ತನ್ನಲ್ಲಿ ತಾನು ನಿಂತವನು. ಸೋಸುವುದು ಕಸವನ್ನು ಕಳೆಯುವುದಕ್ಕೇ ಹೊರತು ಕಾಳನ್ನು ಚೆಲ್ಲುವುದಕ್ಕಲ್ಲ. ಮನುಷ್ಯನನ್ನೇ ಹೊರಗೆ ನಿಲ್ಲಿಸಿದ ಮೇಲೆ ಮನೆಯಲ್ಲಿ ಉಳಿಯುವುದು ಶುದ್ಧಿಯಲ್ಲ, ಊನ.

ಆ ಬಾಲಕನಿಗೆ ನಾವು ಹೇಳಿದ್ದು ಇಷ್ಟೇ: "ಮಗು, ಅಜ್ಜಿಯ ಕೈಹಿಡಿದು ದೇವರ ಮುಂದೆ ಕೂರಿಸು. ಆಕೆ ಬಂದರೆ ನಿಮ್ಮ ಪೂಜೆ ಪೂರ್ಣವಾಗುತ್ತದೆ."

ಭಕ್ತರೇ, ನಿಮ್ಮ ಮನೆಯ ಹೊಸ್ತಿಲಾಚೆ ಯಾರು ನಿಂತಿದ್ದಾರೆ, ಈ ಹೊತ್ತು ನೋಡಿಕೊಳ್ಳಿರಿ.