ಖಡ್ಗದ ಹಿಂದಿನ ಚರಿತ್ರೆ
ಅಮೆರಿಕೆಯ ಸ್ವಾತಂತ್ರ್ಯಸಮರದ ಖಡ್ಗಗಳನ್ನು ಅಲ್ಲಿನ ಸಂಗ್ರಾಹಕರು ಅಕ್ಕರೆಯಿಂದ ಕೂಡಿಡುತ್ತಾರೆ. ಆ ಸಮರದ ನಂಟು ನಮ್ಮ ಹೆಮ್ಮಾಡಿಯ ನೆರೆಗೂ ಉಂಟು. 1782ರಲ್ಲಿ ಪೆನ್ಸಿಲ್ವೇನಿಯದವರು ತಮ್ಮ ಯುದ್ಧನೌಕೆಯೊಂದಕ್ಕೆ ಹೈದರಾಲಿಯ ಹೆಸರನ್ನೇ ಇಟ್ಟಿದ್ದರು! ಮರುವರ್ಷ ಜನರಲ್ ಮ್ಯಾಥ್ಯೂಸನ ಆಂಗ್ಲಸೇನೆಯು ಕುಂದಾಪುರವನ್ನು ಹಿಡಿದು, ಹೊಸಂಗಡಿ ಘಟ್ಟವನ್ನೇರಿ, ಹಿಂದೆ ಕೆಳದಿಯ ವೀರಶೈವ ಅರಸರ ರಾಜಧಾನಿಯಾಗಿದ್ದ ಬಿದನೂರನ್ನು ವಶಪಡಿಸಿಕೊಂಡಿತು. ಕೆಲವೇ ತಿಂಗಳಲ್ಲಿ ಟಿಪ್ಪು ಅದನ್ನು ಮರಳಿ ಪಡೆದನು.

1799ರಲ್ಲಿ ಶ್ರೀರಂಗಪಟ್ಟಣವು ಬಿದ್ದಾಗ ಟಿಪ್ಪುವಿನ ಶಯನಗೃಹದ ಖಡ್ಗವು ಜನರಲ್ ಬೇರ್ಡನಿಗೆ ಸಂದಿತು. 2023ರ ಮೇ ತಿಂಗಳಲ್ಲಿ ಲಂಡನ್ನಿನ ಹರಾಜಿನಲ್ಲಿ ಅದಕ್ಕೆ ಬಂದ ಬೆಲೆ 1.4 ಕೋಟಿ ಪೌಂಡು. ಯಾರ ಕೈಯಿಂದ ಯಾರ ಕೈಗೆ ಬಂದಿತೆಂಬುದು ಗೊತ್ತಿದ್ದ ವಸ್ತುವಿಗೇ ಅಂತಹ ಬೆಲೆ. ನಾವಾದರೋ ಆಯುಧಪೂಜೆಗೆಂದು ಮನೆಯ ಹಳೆಯ ಕತ್ತಿಯನ್ನು ಉಜ್ಜಿ ಉಜ್ಜಿ ಅದರ ಮೇಲಣ ಅಕ್ಷರಗಳನ್ನೇ ಅಳಿಸುತ್ತೇವೆ. ನೂರು ವರ್ಷ ಮೀರಿದ ಆಯುಧವನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವುದನ್ನು 1972ರ ಕಾಯಿದೆಯು ತಡೆದಿದೆ. ಹುಣಿಸೆಹುಳಿಯನ್ನು ತಡೆಯುವ ಕಾಯಿದೆ ಎಲ್ಲಿದೆ? ಸದ್ಭಕ್ತರು ಉಜ್ಜುವುದನ್ನು ಬಿಟ್ಟು, ಹಿರಿಯರು ಬಲ್ಲ ವೃತ್ತಾಂತವನ್ನು ಈ ನವರಾತ್ರಿಯೊಳಗೆ ಬರೆದಿಡಲಿ.