ರೆಕ್ಕೆ ಓದುವ ಪೊಲೀಸರು

ಅಕ್ಟೋಬರ್ ತಿಂಗಳು, ಬೆಳಗಿನ ಹತ್ತು ಗಂಟೆ ಇರಬೇಕು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಹೊರಿಕಾನ್ ಜವುಗಿನ ಅಂಚಿನಲ್ಲಿ, ದೋಣಿ ಇಳಿಸುವ ಜಾಗದಲ್ಲಿ, ನಾನು ಚಳಿಗೆ ಗಡಗಡ ನಡುಗುತ್ತಾ ನಿಂತಿದ್ದೆ. ಆಗ ನಾನು ಮ್ಯಾಡಿಸನ್‌ನಲ್ಲಿ ಆನ್‌ಸೈಟ್ ಇದ್ದೆ. ಆಫೀಸಿನ ಸಹೋದ್ಯೋಗಿಯೊಬ್ಬ ಕಾಡುಬಾತು ಬೇಟೆಗೆ ಹೋಗುವವನು, "ಬಾ, ಒಂದು ಸಲ ನೋಡು" ಅಂತ ಕರೆದಿದ್ದ. ನನ್ನ ಕೈಯಲ್ಲಿ ಬಂದೂಕಿಲ್ಲ, ಕ್ಯಾಮೆರಾ ಮಾತ್ರ. ದೋಣಿ ದಡ ಮುಟ್ಟುವ ಹೊತ್ತಿಗೆ ಸಮವಸ್ತ್ರದ ಇಬ್ಬರು ನಮ್ಮ ಕಡೆ ನಡೆದು ಬಂದರು. ಮುಂದೆ ಇಪ್ಪತ್ತೈದು ವಯಸ್ಸಿನ ಒಬ್ಬ ಹುಡುಗಿ. ನಾಲ್ಕು ಹೆಜ್ಜೆ ಹಿಂದೆ, ಕೈಕಟ್ಟಿಕೊಂಡು, ಏನೂ ಮಾತಾಡದ ಒಬ್ಬ ಹಿರಿಯ. ಅಲ್ಲಿ ಇವರನ್ನು ಕನ್ಸರ್ವೇಶನ್ ವಾರ್ಡನ್ ಅಂತಾರೆ. ಹುಡುಗಿ ಹೊಸಬಳು, ತರಬೇತಿಯಲ್ಲಿದ್ದವಳು. ಹಿರಿಯ ಅವಳ ಗುರು.

ನನ್ನ ಎದೆ ಡವಡವ ಅನ್ನತೊಡಗಿತು. ತಪ್ಪು ಮಾಡಿರಲಿಲ್ಲ, ಆದರೂ. ಕಾರಣ ಹಳೆಯದು.

ಗದಗ ಸೀಮೆಯ ನಮ್ಮ ಅಜ್ಜಿಯ ಊರಲ್ಲಿ ದೊಡ್ಡ ಕೆರೆ. ಚಳಿಗಾಲಕ್ಕೆ ಪಟ್ಟೆತಲೆ ಹೆಬ್ಬಾತು, ಸೂಜಿಬಾಲದ ಬಾತು ಎಲ್ಲ ಬಂದಿಳಿಯೋವು. ನಮ್ಮ ಸೋದರಮಾವ ಮತ್ತವನ ಗೆಳೆಯರು ರಾತ್ರಿ ಬಲೆ ಹಾಕಿ ಬೆಳಗಿನ ಜಾವ ಎಳೆಯೋರು. ಎಂಟು ವರ್ಷದ ನನ್ನ ಕೆಲಸ ಕೆರೆ ಏರಿಯ ಮೇಲೆ ಕೂರೋದು. "ಗಾರ್ಡ್ ಸೈಕಲ್ ಕಂಡ್ರ ಸಿಳ್ಳಿ ಹೊಡಿ" ಅಂತ ಮಾಮಾ ಹೇಳಿಕೊಟ್ಟಿದ್ದ. 1972ರ ವನ್ಯಜೀವಿ ಕಾಯ್ದೆ ಅನ್ನೋದೊಂದು ಇದೆ ಅಂತ ನನಗೆ ಗೊತ್ತಾಗಿದ್ದು ಇಂಜಿನಿಯರಿಂಗ್ ಓದುವಾಗ. ಆ ಸಾರು ಮಾತ್ರ ಬಹಳ ರುಚಿ ಇರ್ತಿತ್ತು, ಸುಳ್ಳು ಯಾಕೆ ಹೇಳಲಿ.

ಹಾಗಾಗಿ ಹೊರಿಕಾನ್‌ನಲ್ಲಿ ಆ ಹುಡುಗಿ ಮಾಡಿದ ಒಂದೊಂದು ಕೆಲಸವನ್ನೂ ನಾನು ಕಣ್ಣು ಮಿಟುಕಿಸದೆ ನೋಡಿದೆ. ಆಮೇಲೆ ತಿಂಗಳುಗಟ್ಟಲೆ ಲೈಬ್ರರಿಯಲ್ಲಿ ಕೂತು ಅದರ ಹಿಂದಿನ ಕಥೆ ಹುಡುಕಿದೆ. ಅವಳ ಹತ್ತು ನಿಮಿಷದ ತಪಾಸಣೆಯಲ್ಲಿ ನೂರು ವರ್ಷಕ್ಕೂ ಹೆಚ್ಚಿನ ಜಗಳ ಮಡಚಿಟ್ಟುಕೊಂಡಿತ್ತು.

ಮೊದಲು ಆ ಜಾಗದ ಬಗ್ಗೆ. 1846ರಲ್ಲಿ ಅಲ್ಲಿ ಒಂದು ಅಣೆಕಟ್ಟು ಕಟ್ಟಿ ಜವುಗನ್ನು ಸರೋವರ ಮಾಡಿದರು. 1869ರಲ್ಲಿ ಅದನ್ನು ಒಡೆದರು, ಜವುಗು ವಾಪಸ್ ಬಂತು, ಜೊತೆಗೇ ಲೆಕ್ಕವಿಲ್ಲದಷ್ಟು ಬಾತುಗಳು. ಅವುಗಳ ಹಿಂದೆಯೇ ಬೇಟೆ ಕ್ಲಬ್ಬುಗಳು, ಮಾರಾಟಕ್ಕೆ ಹೊಡೆಯುವವರು. ಇವರ ಕಸುಬೇ ಅದು. ರೈಲು ಬಂದಿತ್ತು, ಐಸ್ ಪೆಟ್ಟಿಗೆ ಬಂದಿತ್ತು, ಶಿಕಾಗೋ ನ್ಯೂಯಾರ್ಕ್‌ನ ಹೋಟೆಲುಗಳು ಎಷ್ಟು ಕಳಿಸಿದರೂ ಕೊಳ್ಳೋವು. ಪೂರ್ವ ಕರಾವಳಿಯ ಚೆಸಾಪೀಕ್ ಕೊಲ್ಲಿಯಲ್ಲಂತೂ 'ಪಂಟ್ ಗನ್' ಅಂತ ಫಿರಂಗಿಯಂಥ ಬಂದೂಕು. ಎತ್ತಿ ಹೆಗಲಿಗಿಡೋಕೆ ಆಗಲ್ಲ, ಚಪ್ಪಟೆ ದೋಣಿಯ ಮೂತಿಗೆ ಕಟ್ಟಬೇಕು. ರಾತ್ರಿ ನೀರ ಮೇಲೆ ಮಲಗಿದ ಹಿಂಡಿನ ಹತ್ತಿರ ಸದ್ದಿಲ್ಲದೆ ತೇಲಿಹೋಗಿ ಒಂದೇ ಒಂದು ಗುಂಡು. ಹತ್ತಾರು ಹಕ್ಕಿ ಒಟ್ಟಿಗೇ. ಮೇರಿಲ್ಯಾಂಡ್‌ನಲ್ಲಿ ಇದನ್ನು ತಡೆಯೋಕೆ 'ಡಕಿಂಗ್ ಪೊಲೀಸ್' ಅಂತಲೇ ಒಂದು ಪಡೆ ಇತ್ತು.

1900ರಲ್ಲಿ ಲೇಸಿ ಕಾಯ್ದೆ ಬಂತು. ಒಂದು ರಾಜ್ಯದಲ್ಲಿ ಕಾನೂನುಬಾಹಿರವಾಗಿ ಹೊಡೆದ ಪ್ರಾಣಿ-ಪಕ್ಷಿಯನ್ನು ಇನ್ನೊಂದು ರಾಜ್ಯಕ್ಕೆ ಸಾಗಿಸಿದರೆ ಅಪರಾಧ ಅಂತಾಯಿತು. ಕಾಗದದ ಮೇಲೆ ಬಹಳ ಚೆನ್ನಾಗಿದೆ. ನಿರ್ಜನ ಜವುಗಿನಲ್ಲಿ ಅದನ್ನು ಜಾರಿ ಮಾಡೋರು ಯಾರು?

ಗೈ ಬ್ರಾಡ್ಲಿ ಅನ್ನುವವನ ಹೆಸರು ಅಮೆರಿಕದ ವಾರ್ಡನ್‌ಗಳಿಗೆಲ್ಲ ಗೊತ್ತು. ಫ್ಲಾರಿಡಾದ ದಕ್ಷಿಣ ತುದಿಯವನು. ಹುಡುಗನಾಗಿದ್ದಾಗ ತಾನೇ ಗರಿಗಾಗಿ ಬೆಳ್ಳಕ್ಕಿ ಹೊಡೆಯುತ್ತಿದ್ದವನು. ಆಗ ಹೆಂಗಸರ ಟೋಪಿಗೆ ಗರಿ ಸಿಗಿಸೋ ಫ್ಯಾಷನ್, ಬೆಳ್ಳಕ್ಕಿ ಗರಿಗೆ ಚಿನ್ನದ ರೇಟು. 1902ರಲ್ಲಿ ಆಡುಬಾನ್ ಸಂಘದವರು ಸಂಬಳ ಕೊಟ್ಟು ಅವನನ್ನೇ ವಾರ್ಡನ್ ಮಾಡಿದರು. ಕಳ್ಳನ ದಾರಿ ಕಳ್ಳನಿಗೇ ಗೊತ್ತು ಅಂತಾರಲ್ಲ, ಹಾಗೆ. 1905ರ ಜುಲೈ 8ರಂದು ಗುಂಡಿನ ಸದ್ದು ಕೇಳಿ, ಪರಿಚಯದವನದೇ ದೋಣಿ ಅಂತ ಗೊತ್ತಿದ್ದೂ, ಒಬ್ಬನೇ ಚಿಕ್ಕ ದೋಣಿಯಲ್ಲಿ ಹೋದ. ವಾಪಸ್ ಬರಲಿಲ್ಲ. ಅವನಿಗೆ 35 ವರ್ಷ. ಹೊಡೆದವನು ಆತ್ಮರಕ್ಷಣೆಗೆ ಹೊಡೆದೆ ಅಂದ, ಅವನ ಮೇಲೆ ಆರೋಪಪಟ್ಟಿಯೂ ಆಗಲಿಲ್ಲ.

ಹೊರಿಕಾನ್‌ನ ಹುಡುಗಿ ನಮ್ಮ ದೋಣಿಗೆ ಬಂದು ಮೊದಲು ಮಾಡಿದ್ದು ಏನು ಗೊತ್ತಾ? ನಗುತ್ತಾ "ಬೆಳಿಗ್ಗೆ ಹೇಗಿತ್ತು?" ಅಂತ ಕೇಳಿದಳು. ಆಮೇಲೆ ಬಂದೂಕಿನ ಗುಂಡು ತೆಗೆಸಿದಳು. ಯೋಚನೆ ಮಾಡಿ ನೋಡಿ. ಊರ ಪೊಲೀಸರಿಗೆ ಎದುರಿನವನ ಹತ್ತಿರ ಬಂದೂಕು ಇದ್ದರೂ ಇರಬಹುದು ಅನ್ನೋ ಅನುಮಾನ. ಬೇಟೆಯ ಕಾಲದ ವಾರ್ಡನ್‌ಗೆ ಅನುಮಾನವೇ ಇಲ್ಲ. ದಿನವಿಡೀ ಅವಳು ಮಾತಾಡಿಸೋ ಹೆಚ್ಚುಕಮ್ಮಿ ಎಲ್ಲರ ಕೈಯಲ್ಲೂ ಬಂದೂಕು, ಹತ್ತಿರದಲ್ಲಿ ಮನುಷ್ಯರಿಲ್ಲ, ಕಾಲ ಕೆಳಗೆ ತಣ್ಣನೆ ನೀರು.

ಆಮೇಲೆ ಲೈಸೆನ್ಸ್, ಜೊತೆಗೆ ಒಂದು ಸ್ಟಾಂಪು. ಈ ಸ್ಟಾಂಪಿನ ಕಥೆ ನನಗೆ ಇಷ್ಟ. 1930ರ ದಶಕದ ಬರಗಾಲದಲ್ಲಿ ಜವುಗೆಲ್ಲ ಒಣಗಿ ಬಾತುಗಳ ಸಂಖ್ಯೆ ನೆಲಕಚ್ಚಿತ್ತು. ಅಧ್ಯಕ್ಷ ರೂಸ್ವೆಲ್ಟ್ ಇದನ್ನು ಸರಿ ಮಾಡು ಅಂತ ಕರೆದು ಕೂರಿಸಿದ್ದು ಒಬ್ಬ ವ್ಯಂಗ್ಯಚಿತ್ರಕಾರನನ್ನ, 'ಡಿಂಗ್' ಡಾರ್ಲಿಂಗ್ ಅಂತ. 1934ರಲ್ಲಿ ಡಕ್ ಸ್ಟಾಂಪ್ ಕಾಯ್ದೆ ಬಂತು. ಮೊದಲ ಸ್ಟಾಂಪಿನ ಚಿತ್ರ ಡಾರ್ಲಿಂಗನದೇ, ನೀರಿಗಿಳಿಯುತ್ತಿರುವ ಮ್ಯಾಲಾರ್ಡ್ ಜೋಡಿ. ಬೆಲೆ ಒಂದು ಡಾಲರ್. ಈಗ 25 ಡಾಲರ್. ಆ ದುಡ್ಡಿನ ಹೆಚ್ಚುಪಾಲು ಜವುಗು ಭೂಮಿ ಕೊಳ್ಳೋಕೆ, ಕಾಪಾಡೋಕೆ ಹೋಗುತ್ತೆ. ಬೇಟೆಗಾರ ಕಾಗದದ ಸ್ಟಾಂಪಿನ ಮೇಲೆ ಅಡ್ಡಡ್ಡ ಇಂಕಿನಲ್ಲಿ ಸಹಿ ಹಾಕಿರಬೇಕು. ಯಾಕೆ ಅಂತೀರಾ? ಒಂದೇ ಸ್ಟಾಂಪನ್ನು ನಾಲ್ಕು ಜನ ಹಂಚಿಕೊಳ್ಳಬಾರದಲ್ಲ!

ಮುಂದಿನ ವರ್ಷ, 1935ರಲ್ಲಿ, ಇನ್ನಷ್ಟು ಬಿಗಿ ಮಾಡಿದರು. ಬಂದೂಕಿನಲ್ಲಿ ಮೂರಕ್ಕಿಂತ ಹೆಚ್ಚು ತೋಟೆ ಇರಬಾರದು. ಜೀವಂತ ದೀವದ ಹಕ್ಕಿ ಇಡಬಾರದು, ಅಂದರೆ ಪಳಗಿಸಿದ ಬಾತನ್ನು ನೀರಲ್ಲಿ ಕಟ್ಟಿಹಾಕಿ ಅದರ ಕೂಗಿಗೆ ಕಾಡಿನವನ್ನು ಕರೆಸಬಾರದು. ಕಾಳು ಚೆಲ್ಲಿ ಆಸೆ ತೋರಿಸಬಾರದು. ಹುಡುಗಿ ನನ್ನ ಸಹೋದ್ಯೋಗಿಯ ಬಂದೂಕಿಗೆ ಹುಸಿ ತೋಟೆ ತುಂಬಿ ನೋಡಿದಳು. ಎರಡು ಹೋಯಿತು, ಮೂರನೆಯದು ಹೋಗಲಿಲ್ಲ. ಒಳಗೆ ಒಂದು ಕಡ್ಡಿ ತಡೆಯಾಗಿ ಕೂತಿದೆ. ನಳಿಗೆಯಲ್ಲೊಂದು, ಕೆಳಗೆರಡು, ಅಲ್ಲಿಗೆ ಮೂರು. ನಮ್ಮಲ್ಲಿ? 1938ರ ನವೆಂಬರ್‌ನಲ್ಲಿ ವೈಸರಾಯ್ ಲಿನ್‌ಲಿತ್‌ಗೋ ಮತ್ತವನ ಅತಿಥಿಗಳು ಭರತಪುರದಲ್ಲಿ ಒಂದೇ ದಿನ 4,273 ಹಕ್ಕಿ ಹೊಡೆದರು. ಕಲ್ಲಿನ ಮೇಲೆ ಕೆತ್ತಿಸಿದ್ದಾರೆ, ಈಗಲೂ ಹೋಗಿ ಓದಬಹುದು.

ಕಾಳಿನ ವಿಷಯಕ್ಕೆ ಬರೋಣ, ಹೊಸ ವಾರ್ಡನ್‌ಗೆ ತಲೆನೋವು ಇರೋದೇ ಅಲ್ಲಿ. ಕೊಯ್ಲಾದ ಜೋಳದ ಹೊಲದಲ್ಲಿ ಕಾಳು ಉದುರಿರುತ್ತೆ, ಅಲ್ಲಿ ಬೇಟೆ ತಪ್ಪಲ್ಲ. ಅದೇ ಕಾಳನ್ನು ಬಾತು ಬರಲಿ ಅಂತ ತಂದು ಸುರಿದರೆ ಅಪರಾಧ. ಸುರಿದದ್ದನ್ನು ಪೂರ್ತಿ ಬಳಿದು ತೆಗೆದರೂ ಮುಂದಿನ ಹತ್ತು ದಿನ ಅಲ್ಲಿ ಹೊಡೆಯುವಂತಿಲ್ಲ, ಹಕ್ಕಿಗೆ ಜಾಗದ ನೆನಪು ಇರುತ್ತಲ್ಲ. ಹಾಗಾದರೆ ಈ ಕಾಳು ಯಂತ್ರದಿಂದ ಉದುರಿದ್ದೋ, ಚೀಲದಿಂದ ಸುರಿದದ್ದೋ? ಅದನ್ನು ಹೇಳಬೇಕಾದರೆ ವಾರ್ಡನ್‌ಗೆ ಕಾನೂನಿಗಿಂತ ಮೊದಲು ಒಕ್ಕಲುತನ ಗೊತ್ತಿರಬೇಕು. ನಮ್ಮ ಮಾಮಾನಂಥವರನ್ನು ಆ ಕೆಲಸಕ್ಕೆ ತಗೊಂಡಿದ್ದರೆ ಒಂದು ನೋಟದಲ್ಲಿ ಹೇಳಿಬಿಡೋನು.

ತೋಟೆಗಳಿಗೆ ಅವಳು ಒಂದು ಪುಟ್ಟ ಮ್ಯಾಗ್ನೆಟ್ ಹಿಡಿದಳು. ಬಾತುಗಳು ಆಹಾರ ಅರೆಯೋಕೆ ಸಣ್ಣ ಹರಳುಕಲ್ಲು ನುಂಗುತ್ತವೆ. ವರ್ಷಾನುಗಟ್ಟಲೆ ಬೇಟೆಯಾಡಿದ ಕೆಸರಲ್ಲಿ ಸೀಸದ ಚರೆ ಬಿದ್ದಿರುತ್ತೆ, ಅದನ್ನೂ ನುಂಗುತ್ತವೆ. ಕೆಲವೇ ಕೆಲವು ಕಾಳು ಸಾಕು, ವಿಷವೇರಿ ರೆಕ್ಕೆ ಎತ್ತಲಾಗದೆ ಸೊರಗಿ ಸಾಯುತ್ತವೆ. 1959ರಲ್ಲಿ ಫ್ರಾಂಕ್ ಬೆಲ್‌ರೋಸ್ ಅನ್ನೋ ವಿಜ್ಞಾನಿ, ಪ್ರತಿ ವರ್ಷ ಅಲ್ಲಿನ ನೀರುಹಕ್ಕಿಗಳಲ್ಲಿ ನೂರಕ್ಕೆ ಎರಡು ಮೂರು ಹೀಗೇ ಸಾಯುತ್ತವೆ ಅಂತ ಅಂದಾಜು ಮಾಡಿದ. ಸೀಸದ ಚರೆ ದೇಶಪೂರ್ತಿ ನಿಂತದ್ದು 1991ಕ್ಕೆ. ಮೂವತ್ತೆರಡು ವರ್ಷ ಹಗ್ಗಜಗ್ಗಾಟ! ಈಗ ಉಕ್ಕಿನ ಚರೆ, ಅದು ಮ್ಯಾಗ್ನೆಟ್ಟಿಗೆ ಅಂಟುತ್ತೆ. ಸೀಸ ಅಂಟಲ್ಲ. ಆದರೆ ಅಂಟದ್ದೆಲ್ಲ ಸೀಸ ಅಂತಲೂ ಅಲ್ಲ, ಬಿಸ್ಮತ್‌ನಿಂದ ಮಾಡಿದ್ದಕ್ಕೂ ಪರವಾನಗಿ ಇದೆ, ಅದೂ ಅಂಟಲ್ಲ. ಮ್ಯಾಗ್ನೆಟ್ ನೋಡಿ ದಂಡ ಬರೆದರೆ ಮುಗೀತು ಕಥೆ, ಕೋರ್ಟಿನಲ್ಲಿ ಮುಖಭಂಗ. ತೋಟೆಯ ಮೈಮೇಲಿನ ಬರಹವನ್ನೂ ಓದಬೇಕು.

ಕೊನೆಗೆ ಹಕ್ಕಿಗಳು. ಈಚಿನ ವರ್ಷಗಳಲ್ಲಿ ಅಲ್ಲಿ ದಿನಕ್ಕೆ ಒಬ್ಬರಿಗೆ ಆರು ಬಾತು. ಅದರೊಳಗೆ ಮ್ಯಾಲಾರ್ಡ್ ನಾಲ್ಕು ಮೀರಬಾರದು, ಆ ನಾಲ್ಕರಲ್ಲಿ ಹೆಣ್ಣು ಎರಡು ಮೀರಬಾರದು. ಸೀಸನ್ನಿನ ಆರಂಭದಲ್ಲಿ ಗಂಡುಗಳಿಗೂ ಪೂರ್ತಿ ಬಣ್ಣ ಬಂದಿರಲ್ಲ, ಎಲ್ಲವೂ ಕಂದು ಕಂದು. ಆಗ ನೋಡಬೇಕಾದ್ದು ರೆಕ್ಕೆ. ಅವಳು ಒಂದೊಂದೇ ಹಕ್ಕಿ ಎತ್ತಿ, ಬೀಸಣಿಗೆ ಬಿಚ್ಚಿದ ಹಾಗೆ ರೆಕ್ಕೆ ಬಿಚ್ಚಿದಳು. ನೀಲಿ ಪಟ್ಟಿ, ಅದರ ಎರಡೂ ಅಂಚಿಗೆ ಬಿಳಿ ಗೆರೆ: ಮ್ಯಾಲಾರ್ಡ್. ಹಸಿರು ಪಟ್ಟಿ, ಪುಟ್ಟ ಮೈ: ಟೀಲ್. ಹೊಡೆದ ಹಕ್ಕಿಯನ್ನು ಮನೆಗೆ ಸಾಗಿಸುವಾಗ ತಲೆ ಅಥವಾ ಒಂದು ರೆಕ್ಕೆ ಗರಿ ಸಮೇತ ಉಳಿಸಿರಬೇಕು ಅನ್ನೋ ನಿಯಮವೂ ಇದಕ್ಕೇ.

ಒಂದು ಕಾಲಕ್ಕೆ ಇದು ಇನ್ನೂ ಕಷ್ಟ ಇತ್ತು. 1970-80ರ ದಶಕಗಳಲ್ಲಿ ಹಲವು ರಾಜ್ಯಗಳಲ್ಲಿ ಅಂಕಪದ್ಧತಿ. ವಿರಳ ಜಾತಿಗೆ 90-100 ಅಂಕ, ಧಾರಾಳ ಇರೋದಕ್ಕೆ 10. ಮೊತ್ತ 100 ಮುಟ್ಟಿದ ಅಥವಾ ದಾಟಿದ ಹಕ್ಕಿಗೆ ಆ ದಿನದ ಬೇಟೆ ಮುಗಿಯಿತು. ಅಂದರೆ ಯಾವುದು ಮೊದಲು ಬಿತ್ತು ಅನ್ನೋದೇ ಮುಖ್ಯ. 90ರದು ಮೊದಲು ಬಿದ್ದರೆ ಇನ್ನೊಂದೇ ಹಕ್ಕಿ, ಕೊನೆಗೆ ಬಿದ್ದರೆ ಅದಕ್ಕೆ ಮುಂಚೆ ಒಂಬತ್ತು. ಸತ್ತ ಬಾತಿಗೆ ಟೈಮ್‌ಸ್ಟ್ಯಾಂಪ್ ಇರುತ್ತಾ? ದೋಣಿಯಲ್ಲಿ ಎಲ್ಲರದೂ 90ರದು ಕೊನೆಗೇ ಬಿದ್ದಿರೋದು! ಹಿಡಿಯಬೇಕಾದರೆ ವಾರ್ಡನ್ ಬೆಳಗಿನಿಂದ ಜೊಂಡಿನಲ್ಲಿ ಅವಿತು, ದುರ್ಬೀನು ಹಿಡಿದು, ಒಂದೊಂದು ಗುಂಡಿಗೂ ಗಂಟೆ ಬರೆದುಕೊಳ್ಳಬೇಕು. ಟೇಬಲ್ ಮೇಲೆ ಸೊಗಸಾಗಿ ಕಾಣೋ ಡಿಸೈನು ಫೀಲ್ಡಿಗೆ ಇಳಿದರೆ ಏನಾಗುತ್ತೆ ಅಂತ ನಮ್ಮ ಟೀಮುಗಳಿಗೆ ಹೇಳಿಕೊಡಬೇಕಾಗಿಲ್ಲ ಬಿಡಿ.

ಇಷ್ಟಕ್ಕೆಲ್ಲ ಅಧಿಕಾರ ಎಲ್ಲಿಂದ ಬಂತು? ಹಕ್ಕಿ ಯಾರದು ಅನ್ನೋದೇ ಮೊದಲು ಇತ್ಯರ್ಥ ಆಗಬೇಕಿತ್ತು. 1913ರಲ್ಲಿ ವಲಸೆ ಹಕ್ಕಿಗಳು ಕೇಂದ್ರ ಸರ್ಕಾರದ ಕಾವಲಿಗೆ ಬಂದವು. ಕೆಳಗಿನ ಕೋರ್ಟುಗಳು ಆಗಲ್ಲ, ಹಕ್ಕಿ ಆಯಾ ರಾಜ್ಯದ್ದು ಅಂದವು. ಆಗ ಅಮೆರಿಕ 1916ರಲ್ಲಿ ಕೆನಡಾದ ಪರವಾಗಿ ಬ್ರಿಟನ್ ಜೊತೆ ಒಪ್ಪಂದ ಮಾಡಿಕೊಂಡಿತು. ಒಪ್ಪಂದ ಅಂದಮೇಲೆ ಅದು ಕೇಂದ್ರದ ಅಧಿಕಾರ. ಅದರ ಮೊದಲ ಸಾಲುಗಳಲ್ಲಿ ಬ್ರಿಟನ್ನಿನ ರಾಜನ ಬಿರುದುಗಳಿವೆ, ಕೊನೆಯ ಬಿರುದು 'ಭಾರತದ ಚಕ್ರವರ್ತಿ'. ಓದಿ ನಕ್ಕುಬಿಟ್ಟೆ. 1918ರಲ್ಲಿ ಕಾಯ್ದೆಯಾಯಿತು. ಮಿಸೌರಿ ರಾಜ್ಯ ಒಪ್ಪಲಿಲ್ಲ. ಅದರ ಅಟಾರ್ನಿ ಜನರಲ್ ಮೆಕ್ಆಲಿಸ್ಟರ್ ಸ್ವತಃ ಬಾತು ಬೇಟೆಗಾರ. ಅವನನ್ನೇ ಕೇಂದ್ರದ ವಾರ್ಡನ್ ರೇ ಹಾಲೆಂಡ್ ಹಿಡಿದ. 'ಮಿಸೌರಿ ವಿರುದ್ಧ ಹಾಲೆಂಡ್' ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಗಿ 1920ರ ಏಪ್ರಿಲ್‌ನಲ್ಲಿ 7-2ರ ತೀರ್ಪು ಬಂತು. ನಿನ್ನೆ ಇಲ್ಲಿ ಇರದ, ನಾಳೆ ಇನ್ನೊಂದು ರಾಜ್ಯದಲ್ಲಿ ಇರಬಹುದಾದ, ವಾರದಲ್ಲಿ ಸಾವಿರ ಮೈಲಿ ದಾಟುವ ಹಕ್ಕಿಯನ್ನು ನನ್ನದು ಅನ್ನೋದು ಹೇಗೆ ಅಂತ ನ್ಯಾಯಮೂರ್ತಿ ಹೋಮ್ಸ್ ಕೇಳಿದರು. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿದ ಪಟ್ಟೆತಲೆ ಹೆಬ್ಬಾತು ನಮ್ಮ ಕೆರೆಗಳಲ್ಲಿ ಕಂಡಿವೆ. ಮಾಮಾ ಎಳೆದ ಬಲೆಯಲ್ಲಿ ಯಾರ ಹಕ್ಕಿ ಇತ್ತೋ.

ತಪಾಸಣೆ ಮುಗಿಯಿತು. ಸಹೋದ್ಯೋಗಿಯದು ಎಲ್ಲ ಸರಿಯಾಗಿತ್ತು. ಥ್ಯಾಂಕ್ಸ್ ಹೇಳಿ ಹುಡುಗಿ ಗಾಡಿಯ ಕಡೆ ಹೊರಟಳು, ಮುಖದಲ್ಲಿ ಪಾಸಾದ ಕಳೆ. ಆಗ ಹಿರಿಯ ಮೊದಲ ಸಲ ಬಾಯಿಬಿಟ್ಟ. ಮೆಲ್ಲಗೇ ಕೇಳಿದ, ಆದರೂ ನನಗೆ ಕೇಳಿಸಿತು: "ನೀನು ರೆಕ್ಕೆ ನೋಡ್ತಾ ಇದ್ದಾಗ ಕ್ಯಾಮೆರಾದವನ ಕೈ ಎಲ್ಲಿತ್ತು?"

ಅವಳು ನನ್ನ ಕಡೆ ತಿರುಗಿ ನೋಡಿದಳು. ನನ್ನ ಎರಡೂ ಕೈ ಜಾಕೆಟ್ಟಿನ ಜೇಬಿನಲ್ಲಿದ್ದವು, ಚಳಿಗೆ. ತಲೆ ತಗ್ಗಿಸಿ ಹಕ್ಕಿ ಎಣಿಸುವ ಆ ಅರ್ಧ ನಿಮಿಷದಲ್ಲಿ ಅವಳು ನನ್ನನ್ನು ಮರೆತಿದ್ದಳು. ಹಿರಿಯ ಮತ್ತೇನೂ ಹೇಳಲಿಲ್ಲ. ಪಕ್ಕದಲ್ಲಿ ಇನ್ನೊಂದು ದೋಣಿ ದಡಕ್ಕೆ ಬರುತ್ತಿತ್ತು, ಮೂರು ಜನ, ಮೂರು ಬಂದೂಕು. ಈ ಸಲ ಅವಳು ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ಮೂವರೂ ಕಣ್ಣಳತೆಯಲ್ಲಿರುವಂತೆ ನಿಂತು, ಆಮೇಲೆ ನಕ್ಕು "ಬೆಳಿಗ್ಗೆ ಹೇಗಿತ್ತು?" ಅಂದಳು.

ನಮ್ಮೂರ ಗಾರ್ಡ್ ನೆನಪಾದ. ಒಬ್ಬನೇ, ಒಂದು ಲಾಠಿ, ಒಂದು ಸೈಕಲ್. ನನ್ನ ಸಿಳ್ಳಿಗೆ ಅವನು ಒಮ್ಮೆಯೂ ಯಾರನ್ನೂ ಹಿಡಿಯಲಾಗಲಿಲ್ಲ. ಹಿಡಿದಿದ್ದರೆ ಐದಾರು ಜನರ ಮಧ್ಯೆ ಒಬ್ಬನೇ ಏನು ಮಾಡುತ್ತಿದ್ದ ಅಂತ ನಾನು ಯೋಚಿಸಿದ್ದು ಆ ದಿನವೇ.

ರಾತ್ರಿ ಮಾಮಾಗೆ ಫೋನ್ ಮಾಡಿ ಸ್ಟಾಂಪು, ಮ್ಯಾಗ್ನೆಟ್, ರೆಕ್ಕೆ ಎಲ್ಲ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದ: "ಅಲ್ಲಪಾ, ಅಲ್ಲಿ ಸಿಳ್ಳಿ ಹೊಡ್ಯಾಕ ಯಾರೂ ಇರಲಿಲ್ಲೇನು?"