ಕೋವಿಯ ಬಾಯಿಗೆ ಕಚ್ಚಿಕೊಂಡದ್ದು



1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಧಾರವಾಡದ ಕಲೆಕ್ಟರ ಸೇಂಟ್ ಜಾನ್ ಥ್ಯಾಕರೆ ಗುಂಡಿಗೆ ಬಲಿಯಾದದ್ದು ನಿಮಗೆಲ್ಲ ಗೊತ್ತು. ಗುರಿಯಿಟ್ಟವನು ಅಮಟೂರ ಬಾಳಪ್ಪನೆಂದು ನಮ್ಮ ನಾಡು ಹೇಳಿಕೊಂಡು ಬಂದಿದೆ. ರಾಣಿ ಚೆನ್ನಮ್ಮನ ಧೈರ್ಯ, ದತ್ತಕದ ಪ್ರಶ್ನೆ, ಕಂಪನಿಯ ದುರಾಸೆ ಇವೆಲ್ಲ ಪಾಠದಲ್ಲಿ ಬರುತ್ತವೆ. ಆದರೆ ಆ ಬಂದೂಕಿನ ವಿಷಯ ಯಾವ ಪಾಠದಲ್ಲಿಯೂ ಬರುವುದಿಲ್ಲ. ಅದನ್ನು ತುಂಬುವುದು ಹೇಗೆ, ಕೆಟ್ಟರೆ ಸರಿಪಡಿಸುವವರು ಯಾರು, ಅದು ಯಾರ ಮನೆಯಲ್ಲಿ ಇರುತ್ತಿತ್ತು? ಈ ಸಣ್ಣ ಪ್ರಶ್ನೆಗಳ ಹಿಂದೆ ದೊಡ್ಡದೊಂದು ಇತಿಹಾಸವಿದೆ.

ಸಿನಿಮಾಗಳಲ್ಲಿ ವೀರರು ಒಂದರ ಮೇಲೊಂದು ಗುಂಡು ಹಾರಿಸುವುದನ್ನು ನೋಡಿದ್ದೇವೆ. ನಿಜವಾದ ಬಂದೂಕು ಹಾಗಿರಲಿಲ್ಲ. ಅಂದಿನದು ಬಾಯಿಯಿಂದ ತುಂಬುವ ಚಕಮಕಿ ಕೋವಿ. ನಳಿಗೆಯ ಬಾಯಿಯಿಂದ ಮದ್ದು ಸುರಿದು, ಗುಂಡನ್ನು ಇಳಿಬಿಟ್ಟು, ಗಜದ ಕೋಲಿನಿಂದ ಗಟ್ಟಿಸಬೇಕು. ಚಕಮಕಿ ಕಲ್ಲಿನ ಕಿಡಿ ಹತ್ತಿದರೆ ಗುಂಡು ಹಾರೀತು. ಪಳಗಿದ ಸಿಪಾಯಿ ಸಹ ಒಂದು ನಿಮಿಷಕ್ಕೆ ಎರಡು ಅಥವಾ ಮೂರು ಸಲ ಮಾತ್ರ ಹಾರಿಸಬಲ್ಲವನಾಗಿದ್ದ. ಮಳೆ ಬಿದ್ದರೆ, ಮದ್ದಿಗೆ ಹಸಿ ತಾಗಿದರೆ ಅದೂ ಇಲ್ಲ. ಡಿಸೆಂಬರಿನ ಎರಡನೆಯ ಯುದ್ಧದಲ್ಲಿ ದ್ರೋಹಿಗಳು ಮದ್ದಿನಲ್ಲಿ ಸಗಣಿ ಬೆರೆಸಿದರೆಂಬ ಜನರ ಮಾತು ಈ ಕಾರಣದಿಂದಲೇ ಅಷ್ಟು ಆಳವಾಗಿ ಬೇರೂರಿದೆ. ಮದ್ದು ಕೆಟ್ಟರೆ ಎಂಥ ಶೂರನ ಕೈಯೂ ಬರಿದು ಎಂಬುದು ಅಂದಿನವರಿಗೆ ಅನುಭವದ ಮಾತಾಗಿತ್ತು.

ಇನ್ನೊಂದು ತೊಡಕೂ ಇತ್ತು. ಮದ್ದು ಸುಟ್ಟ ಕಿಟ್ಟ ನಳಿಗೆಯೊಳಗೆ ಪದರು ಪದರಾಗಿ ಅಂಟುತ್ತಿತ್ತು. ಹಲವು ಸುತ್ತು ಹಾರಿಸಿದ ಮೇಲೆ ಗುಂಡು ಅರ್ಧ ದಾರಿಯಲ್ಲಿ ಸಿಕ್ಕಿಕೊಳ್ಳುವುದುಂಟು. ಆಗ ಗಜದ ತುದಿಗೆ ತಿರುಪಿನ ಮೊಳೆಯಂಥ ಕೊಕ್ಕೆಯನ್ನು ಜೋಡಿಸಿ, ಒಳಗಿನದನ್ನು ಕಚ್ಚಿಸಿ ಹೊರಗೆ ಎಳೆಯಬೇಕಾಗುತ್ತಿತ್ತು. ಯುದ್ಧದ ಗದ್ದಲದಲ್ಲಿ ಗುಂಡು ಹಾರಿತೋ ಇಲ್ಲವೋ ಎಂಬುದೇ ತಿಳಿಯದೆ ಅದರ ಮೇಲೆ ಮತ್ತೊಂದನ್ನು ತುಂಬಿದವರು ಅಸಂಖ್ಯ. 1863ರಲ್ಲಿ ಅಮೆರಿಕದ ಗೆಟಿಸ್‌ಬರ್ಗ್ ರಣರಂಗದಿಂದ ಸುಮಾರು 27 ಸಾವಿರ ಬಂದೂಕುಗಳನ್ನು ಆಯ್ದು ತಂದಾಗ ಸುಮಾರು 24 ಸಾವಿರದಲ್ಲಿ ಮದ್ದುಗುಂಡು ತುಂಬಿದ ಹಾಗೆಯೇ ಇತ್ತೆಂದೂ, ಅವುಗಳಲ್ಲಿ ಅರ್ಧದಷ್ಟರಲ್ಲಿ ಒಂದರ ಮೇಲೊಂದು ಎರಡು ಸಲ ತುಂಬಲಾಗಿತ್ತೆಂದೂ ಹೇಳುತ್ತಾರೆ. ಕಿತ್ತೂರಿನ ಯುದ್ಧದ ನಾಲ್ಕು ದಶಕಗಳ ನಂತರದ ಸ್ಥಿತಿ ಇದು!

ಬಾಯಿಗೆ ಕಚ್ಚಿಕೊಂಡು ಬಾರದ ವಸ್ತುವೆಂದರೆ ಸನೀನಿನ ಕಥೆ ಇನ್ನೂ ಸ್ವಾರಸ್ಯಕರ. ಬಂದೂಕಿನ ತುದಿಯ ಕತ್ತಿಗೆ, ಅಂದರೆ ಬಯೊನೆಟ್ಟಿಗೆ, ಆ ಹೆಸರು ಫ್ರಾನ್ಸಿನ ಬಯೋನ್ ಎಂಬ ಊರಿನಿಂದ ಬಂದಿತು. ಹದಿನೇಳನೆಯ ಶತಮಾನದಲ್ಲಿ ಅದರ ಮರದ ಹಿಡಿಕೆಯನ್ನು ನಳಿಗೆಯ ಬಾಯಿಯೊಳಕ್ಕೇ ಬಿರಡೆಯಂತೆ ತುರುಕುತ್ತಿದ್ದರು. ಒಮ್ಮೆ ತುರುಕಿದರೆ ಗುಂಡು ಹಾರಿಸುವಂತಿಲ್ಲ. ಗಟ್ಟಿಯಾಗಿ ಕೂತರೆ ತೆಗೆಯುವುದೂ ಕಷ್ಟ. 1689ರ ಜುಲೈ 27ರಂದು ಸ್ಕಾಟ್ಲೆಂಡಿನ ಕಿಲಿಕ್ರ್ಯಾಂಕಿ ಕಣಿವೆಯಲ್ಲಿ ಜನರಲ್ ಮೆಕೇಯ ಸಿಪಾಯಿಗಳು ಒಂದು ಸುತ್ತು ಗುಂಡು ಹಾರಿಸಿ ಸನೀನು ತುರುಕುವಷ್ಟರಲ್ಲಿ, ಗುಡ್ಡಗಾಡಿನ ಜನ ಕತ್ತಿ ಹಿರಿದು ಮೈಮೇಲೆ ಬಿದ್ದಿದ್ದರು. ಸರಕಾರದ ಸೈನ್ಯ ಚೆಲ್ಲಾಪಿಲ್ಲಿಯಾಯಿತು. ಮುಂದೆ ನಳಿಗೆಯ ಹೊರಗೆ ಬಳೆಯಂತೆ ತೊಡಿಸಿ, ತಿರುಗಿಸಿ ಸಿಕ್ಕಿಸುವ ಸನೀನು ಬಂದು, ಹಾರಿಸುವುದೂ ತಿವಿಯುವುದೂ ಒಂದೇ ಆಯುಧದಿಂದ ಸಾಧ್ಯವಾಯಿತು. ಕಂಪನಿಯ ಸಿಪಾಯಿಗಳ ಕೈಯಲ್ಲಿದ್ದದ್ದು ಇಂಥದೇ ಬಂದೂಕು. ಸಾಲುಗಟ್ಟಿ ನಿಂತು ಒಮ್ಮೆಲೇ ಹಾರಿಸಿ, ಹೊಗೆಯೊಳಗಿಂದ ಸನೀನು ಹಿಡಿದು ನುಗ್ಗುವ ಕವಾಯತಿನಿಂದ ಅವರು ಎಷ್ಟೋ ಸಂಸ್ಥಾನಗಳನ್ನು ಗೆದ್ದಿದ್ದರು.

ಅಂಥ ಸೈನ್ಯದ ಎದುರಿಗೆ ಕಿತ್ತೂರು ಮೊದಲ ದಿನ ಗೆದ್ದಿತು. ವಾಲ್ಟರ್ ಎಲಿಯಟ್ ಮತ್ತು ಸ್ಟೀವನ್ಸನ್ ಎಂಬ ಇಬ್ಬರು ಅಧಿಕಾರಿಗಳು ಸೆರೆ ಸಿಕ್ಕರು. ಡಿಸೆಂಬರಿನಲ್ಲಿ ಕಂಪನಿ ದೊಡ್ಡ ಸೈನ್ಯವನ್ನೂ ತೋಪುಗಳನ್ನೂ ತಂದು ಕೋಟೆಯನ್ನು ಕೆಡವಿತು. ಚೆನ್ನಮ್ಮ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿಯೇ ಕಣ್ಣು ಮುಚ್ಚಿದಳು.

ಇಲ್ಲಿ ಗಮನಿಸಬೇಕಾದದ್ದು ಕಿತ್ತೂರಿನ ಪರವಾಗಿ ಹೋರಾಡಿದವರು ಯಾರೆಂಬುದು. ಅವರಲ್ಲಿ ಬಹಳ ಮಂದಿ ಪಗಾರದ ಸಿಪಾಯಿಗಳಲ್ಲ. ಸಂಗೊಳ್ಳಿ ರಾಯಣ್ಣನು ಶೇತ್‌ಸನದಿ. ಎಂದರೆ ಊರ ಕಾವಲಿನ ಸೇವೆಗಾಗಿ ಹೊಲವನ್ನು ಉಂಬಳಿ ಪಡೆದ ಮನೆತನದವನು. ಇಂಥವರಿಗೆ ಹೊಲ ಹೇಗೋ ಹತಾರವೂ ಹಾಗೆಯೇ, ಮನೆಯ ಸ್ವತ್ತು. ಕುಡುಗೋಲು, ಕುಂಟೆಗಳ ಜೊತೆಗೆ ಕತ್ತಿಯೂ ಊರ ಕಮ್ಮಾರನ ಕುಲುಮೆಗೆ ಹೋಗುತ್ತಿತ್ತು. ಆಯುಧದ ಜ್ಞಾನ ಮನೆಯಲ್ಲಿತ್ತು, ಓಣಿಯಲ್ಲಿತ್ತು. ಕಂಪನಿ ಮೊದಲು ಕೈಹಾಕಿದ್ದು ಆ ಉಂಬಳಿಯ ಹೊಲಗಳಿಗೆ. ರಾಯಣ್ಣ ಕಾಡು ಸೇರಿ, ಸರಕಾರಿ ಕಚೇರಿಗಳನ್ನು ಸುಟ್ಟು, 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿದನು.

ಆಮೇಲೆ ಕೈಹಾಕಿದ್ದು ಹತಾರಗಳಿಗೆ. 1857ರ ದಂಗೆಯ ವರ್ಷ ಸರಕಾರ ನಿಶ್ಶಸ್ತ್ರೀಕರಣದ ಕಾಯಿದೆಯನ್ನು ತಂದಿತು. ಮುಧೋಳ ಸೀಮೆಯ ಹಲಗಲಿಯ ಬೇಡರು ಹತಾರ ಕೊಡಲೊಲ್ಲೆವೆಂದರು. ಬೇಟೆ ಅವರ ಬದುಕು. ಹತಾರ ಕಿತ್ತುಕೊಳ್ಳುವುದೆಂದರೆ ಅನ್ನವನ್ನೂ ಮಾನವನ್ನೂ ಕಿತ್ತುಕೊಂಡಂತೆ. ನವೆಂಬರಿನ ಕೊನೆಗೆ ಸೈನ್ಯ ಬಂದು ಊರಿಗೆ ಬೆಂಕಿ ಇಟ್ಟಿತು. ಡಿಸೆಂಬರಿನಲ್ಲಿ 19 ಮಂದಿಯನ್ನು ಗಲ್ಲಿಗೇರಿಸಲಾಯಿತು. ಈ ಕಥೆಯ ಲಾವಣಿಯನ್ನು ಉಳಿಸಿಕೊಟ್ಟವನು ಜೆ. ಎಫ್. ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿಯೇ ಎಂಬುದು ವಿಚಿತ್ರವಾದರೂ ಸತ್ಯ. ಮರುವರ್ಷ ನರಗುಂದದ ಬಾಬಾಸಾಹೇಬನಿಂದಲೂ ತೋಪುಗಳನ್ನು ಕೇಳಲಾಯಿತು. 1858ರ ಮೇ 29ರ ರಾತ್ರಿ ನಮ್ಮ ರಾಮದುರ್ಗ ತಾಲೂಕಿನ ಸುರೇಬಾನದಲ್ಲಿ ಪೊಲಿಟಿಕಲ್ ಏಜಂಟ್ ಮ್ಯಾನ್ಸನ್ನನ ಕೊಲೆಯಾಯಿತು. ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬನಿಗೆ ಗಲ್ಲಾಯಿತು. 1878ರ ಶಸ್ತ್ರ ಕಾಯಿದೆಯೊಂದಿಗೆ ಪರವಾನಿಗೆ ಇಲ್ಲದ ಬಂದೂಕು ದೇಶಕ್ಕೆಲ್ಲ ಅಪರಾಧವಾಯಿತು. ಕೊಡವರಿಗೆ 1861ರಿಂದ ವಿನಾಯಿತಿ ದೊರಕಿತ್ತು; ಇಂದಿಗೂ ಅವರು ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂ ಮುಡಿಸಿ ಪೂಜಿಸುತ್ತಾರೆ. ನಮ್ಮ ಕಡೆಯಾದರೋ ಆಯುಧಪೂಜೆಯಲ್ಲಿ ಉಳಿದದ್ದು ಕುಡುಗೋಲು, ಕೊಡಲಿ ಮತ್ತು ಟ್ರ್ಯಾಕ್ಟರು.

ಇಷ್ಟೆಲ್ಲ ಓದಿದ ಮೇಲೆ ಕೆಲವರಿಗೆ, ಇಂದೂ ಕಾಯಿದೆ ನಮ್ಮ ಕೈ ಕಟ್ಟಿಲ್ಲವೇ ಎಂಬ ಸಂಶಯ ಬರಬಹುದು. ಇಂದಿನ ರೈಫಲ್ಲಿನ ಬಾಯಿಗೂ ಬೆಂಕಿಯ ಹೊಳಪನ್ನು ಅಡಗಿಸುವ ಸಣ್ಣ ಕೊಳವೆಯೊಂದನ್ನು ತಿರುಪಿನಿಂದ ಕೂರಿಸಿರುತ್ತಾರೆ. ಕಿಟ್ಟ ಮತ್ತು ತುಕ್ಕು ಸೇರಿ ಅದೂ ಹಟ ಹಿಡಿದು ಕಚ್ಚಿಕೊಳ್ಳುತ್ತದೆ. ಹಳೆಯ ಕಾಲದವರಂತೆ ಮನೆಯಲ್ಲಿ ಸುತ್ತಿಗೆ ಹಿಡಿದು ಕೂರುವಂತಿಲ್ಲ. 1959ರ ಶಸ್ತ್ರ ಕಾಯಿದೆಯ ಪ್ರಕಾರ ಬಂದೂಕು ರಿಪೇರಿಯ ಕಸುಬಿಗೂ ಪರವಾನಿಗೆ ಬೇಕು, ನಳಿಗೆಯನ್ನು ಕತ್ತರಿಸಿ ಗಿಡ್ಡ ಮಾಡುವುದಕ್ಕೂ ಅಪ್ಪಣೆ ಬೇಕು. ಚುನಾವಣೆ ಬಂದರೆ ಪರವಾನಿಗೆಯ ಬಂದೂಕನ್ನು ಸಹ ಠಾಣೆಯಲ್ಲಿ ಇಟ್ಟು ಬರಬೇಕಾಗಬಹುದು.

ಮೇಲುನೋಟಕ್ಕೆ 1857ರ ಕಾಯಿದೆಯೂ 1959ರ ಕಾಯಿದೆಯೂ ಒಂದೇ ಕೆಲಸವನ್ನು ಮಾಡುತ್ತವೆ. ಆದರೆ ಹಲಗಲಿಯವರನ್ನು ಯಾರೂ ಕೇಳಿರಲಿಲ್ಲ. ಅವರ ಹತಾರ ಹೋಯಿತು, ಬದಲಿಗೆ ಅವರಿಗೆ ಏನೂ ಸಿಗಲಿಲ್ಲ. 1959ರದನ್ನು ರಚಿಸಿದ್ದು ನಾವು ಆರಿಸಿ ಕಳಿಸಿದ ಸಂಸತ್ತು. ತಪ್ಪಿದ್ದರೆ ತಿದ್ದಬಹುದು, ಕೋರ್ಟಿಗೆ ಹೋಗಬಹುದು, ಮುಂದಿನ ಚುನಾವಣೆಯಲ್ಲಿ ಸರಕಾರವನ್ನೇ ಬದಲಿಸಬಹುದು. ಕೋವಿಯನ್ನು ಬಿಟ್ಟುಕೊಟ್ಟ ಕೈಗೆ ಮತ ಬಂದಿದೆ. ಈ ವಿನಿಮಯ ನ್ಯಾಯವಾಗಿ ಉಳಿಯಬೇಕಾದರೆ ಮತಕ್ಕೆ ಬೆಲೆ ಇರಬೇಕು. ಅದನ್ನು ಐನೂರು ರೂಪಾಯಿಗೆ ಮಾರಿಕೊಂಡವನು ರಾಯಣ್ಣನ ಹತಾರವನ್ನೇ ಎರಡನೆಯ ಸಲ ಒಪ್ಪಿಸಿದಂತೆ.

ಅಕ್ಟೋಬರಿನ ಉತ್ಸವಕ್ಕೆ ಕಿತ್ತೂರಿಗೆ ಬರುವವರು ಮಕ್ಕಳಿಗೆ ಕೋಟೆಯನ್ನೂ ಅಲ್ಲಿಯ ವಸ್ತುಸಂಗ್ರಹಾಲಯವನ್ನೂ ತೋರಿಸಿರಿ. ಕತ್ತಿಯ ಉದ್ದ ಎಷ್ಟೆಂದು ಮಕ್ಕಳು ಕೇಳಿಯೇ ಕೇಳುತ್ತಾರೆ, ಹೇಳಿರಿ. ಅದು ಯಾರ ಮನೆಯಿಂದ ಬಂದಿದ್ದೀತು, ಯಾರ ಅಪ್ಪಣೆಯಿಂದ ಮನೆಯನ್ನು ಬಿಟ್ಟಿತು ಎಂಬುದನ್ನು ಮಾತ್ರ ನೀವೇ ಅವರನ್ನು ಕೇಳಿರಿ.